ಕೇಳಿ, ಹೇಳುತ್ತೇವೆ: ಕಾರಿನಲ್ಲಿ ಲ್ಯಾಪ್‌ಟಾಪ್, ಜೊತೆಗೊಂದು ಜಿಪಿಎಸ್ ರಿಸೀವರ್

ನೆಟ್‌ವರ್ಕ್ ಸಿಗದ ಘಾಟಿಗಳಲ್ಲಿ ಓಡಾಡುವವರು, ದಿನಕ್ಕೆ ಇಪ್ಪತ್ತು ಮೂವತ್ತು ಕಡೆ ಸರಕು ಇಳಿಸುವವರು, ರಸ್ತೆ ಸರ್ವೆಗೆ ಹೋಗುವವರು ಇವತ್ತಿಗೂ ಲ್ಯಾಪ್‌ಟಾಪಿಗೆ ಜಿಪಿಎಸ್ ರಿಸೀವರ್ (ಉಪಗ್ರಹಗಳ ಸಂಕೇತ ಹಿಡಿದು ನಾವಿರುವ ಸ್ಥಾನ ಹೇಳುವ ಪುಟ್ಟ ಸಾಧನ) ಸಿಕ್ಕಿಸಿಕೊಂಡು ಹೊರಡುತ್ತಾರೆ. ಅಂಥವರ ಪ್ರಶ್ನೆಗಳಿಗೆ ಈ ಸಂಚಿಕೆ ಮೀಸಲು.

ಯುಎಸ್‌ಬಿ ಜಿಪಿಎಸ್ ರಿಸೀವರ್ ತಂದು ವಿಂಡೋಸ್ 10 ಲ್ಯಾಪ್‌ಟಾಪಿಗೆ ಹಾಕಿದೆ. ದೀಪ ಮಿನುಗುತ್ತದೆ, ಆದರೆ ನಕ್ಷೆಯ ಸಾಫ್ಟ್‌ವೇರ್ ‘ಜಿಪಿಎಸ್ ಸಿಕ್ಕಿಲ್ಲ’ ಎನ್ನುತ್ತದೆ. ಒಮ್ಮೊಮ್ಮೆ ಮೌಸ್ ಬಾಣ ತಾನೇ ತಾನಾಗಿ ಪರದೆ ತುಂಬ ಕುಣಿಯುತ್ತದೆ. ರಿಸೀವರ್ ಕೆಟ್ಟಿದೆಯೇ? (ಸಾಗರದ ಓದುಗರು)

ಕೆಟ್ಟಿಲ್ಲ. ಈ ಬಗೆಯ ಬಹುತೇಕ ರಿಸೀವರುಗಳಲ್ಲಿ ದೀಪ ಮಿನುಗತೊಡಗಿತು ಎಂದರೆ ಉಪಗ್ರಹಗಳು ಸಿಕ್ಕಿವೆ, ಸ್ಥಾನದ ಲೆಕ್ಕವೂ ಮುಗಿದಿದೆ ಎಂದರ್ಥ. ತೊಡಕು ಇರುವುದು ರಿಸೀವರಿಗೂ ಸಾಫ್ಟ್‌ವೇರಿಗೂ ನಡುವೆ.

ಮೊದಲು ಕುಣಿಯುವ ಬಾಣದ ವಿಚಾರ. ರಿಸೀವರ್ ಪ್ರತಿ ಸೆಕೆಂಡಿಗೆ ಒಂದಿಷ್ಟು ಅಕ್ಷರಗಳ ಸಾಲುಗಳನ್ನು ಸೀರಿಯಲ್ ಪೋರ್ಟಿಗೆ (ಅಕ್ಷರಗಳು ಒಂದರ ಹಿಂದೊಂದು ಕಂಪ್ಯೂಟರಿಗೆ ಬರುವ ದ್ವಾರ) ಕಳಿಸುತ್ತಿರುತ್ತದೆ. ವಿಂಡೋಸ್ ಶುರುವಾಗುವಾಗಲೇ ಈ ಸಾಲುಗಳು ಬರುತ್ತಿದ್ದರೆ ಅದು ಇವನ್ನು ಹಳೆಯ ಕಾಲದ ಸೀರಿಯಲ್ ಮೌಸ್ ಎಂದು ತಪ್ಪು ತಿಳಿಯುತ್ತದೆ. ವಿಂಡೋಸಿನ ಡಿವೈಸ್ ಮ್ಯಾನೇಜರ್ (ಕಂಪ್ಯೂಟರಿನ ಸಾಧನಗಳ ಪಟ್ಟಿ) ತೆರೆದು ಮೌಸ್‌ಗಳ ಪಟ್ಟಿಯಲ್ಲಿ ‘ಮೈಕ್ರೋಸಾಫ್ಟ್ ಸೀರಿಯಲ್ ಬಾಲ್‌ಪಾಯಿಂಟ್’ ಎಂಬುದು ಇದೆಯೇ ನೋಡಿ. ಇದ್ದರೆ ‘ಡಿಸೇಬಲ್’ ಮಾಡಿ. ‘ಅನ್‌ಇನ್‌ಸ್ಟಾಲ್’ ಮಾಡಿದರೆ ಮುಂದಿನ ಸಲ ಮತ್ತೆ ಹುಟ್ಟಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಪೂರ್ತಿ ಶುರುವಾದ ಮೇಲಷ್ಟೇ ರಿಸೀವರ್ ಸಿಕ್ಕಿಸುವುದನ್ನು ರೂಢಿ ಮಾಡಿಕೊಂಡರೆ ಈ ಕಾಟವೇ ಇರುವುದಿಲ್ಲ.

ಅದೇ ಡಿವೈಸ್ ಮ್ಯಾನೇಜರಿನಲ್ಲಿ ‘ಪೋರ್ಟ್ಸ್’ ಎಂಬ ಸಾಲು ಬಿಚ್ಚಿದರೆ ರಿಸೀವರ್ ಯಾವ ಕಾಮ್ ಪೋರ್ಟಿನಲ್ಲಿದೆ ಎಂದು ಗೊತ್ತಾಗುತ್ತದೆ (ಕಾಮ್ ಎಂಬುದು ಸೀರಿಯಲ್ ಪೋರ್ಟಿಗೆ ವಿಂಡೋಸ್ ಇಟ್ಟ ಹೆಸರು). ಕಾಮ್ 3, ಕಾಮ್ 7, ಹೀಗೆ. ಆ ಸಂಖ್ಯೆಯನ್ನು ನಕ್ಷೆಯ ಸಾಫ್ಟ್‌ವೇರಿನ ಜಿಪಿಎಸ್ ಸೆಟ್ಟಿಂಗಿನಲ್ಲಿ ನೀವೇ ಆರಿಸಬೇಕು. ಇವತ್ತು ಎಡಗಡೆ ಕಿಂಡಿಗೆ, ನಾಳೆ ಬಲಗಡೆ ಕಿಂಡಿಗೆ ಹಾಕಿದರೆ ಸಂಖ್ಯೆಯೂ ಬದಲಾಗಬಹುದು. ಹಾಗಾಗಿ ಒಂದೇ ಕಿಂಡಿಗೆ ಅಂಟಿಕೊಳ್ಳಿ, ಬೇಕಿದ್ದರೆ ಅದರ ಪಕ್ಕ ಒಂದು ಚುಕ್ಕೆ ಸ್ಟಿಕ್ಕರ್ ಹಚ್ಚಿ.

ಪೋರ್ಟ್ ಪಟ್ಟಿಯಲ್ಲಿ ಏನೂ ಕಾಣದಿದ್ದರೆ ಎರಡು ಸಾಧ್ಯತೆ. ಯು-ಬ್ಲಾಕ್ಸ್ ಕಂಪನಿಯ ಚಿಪ್ ಇರುವ ರಿಸೀವರ್ ಆದರೆ ವಿಂಡೋಸ್ ತಾನಾಗಿಯೇ ‘ಲೊಕೇಶನ್ ಸೆನ್ಸರ್’ ಡ್ರೈವರ್ (ಸಾಧನವನ್ನು ನಡೆಸುವ ಸಾಫ್ಟ್‌ವೇರ್) ಹಾಕಿ ಅದನ್ನು ‘ಸೆನ್ಸರ್ಸ್’ ಪಟ್ಟಿಗೆ ಸೇರಿಸಿಬಿಟ್ಟಿರಬಹುದು. ಆಗ ಕಾಮ್ ಪೋರ್ಟನ್ನೇ ನಂಬಿದ ಸಾಫ್ಟ್‌ವೇರಿಗೆ ರಿಸೀವರ್ ಕಾಣುವುದೇ ಇಲ್ಲ. ಅದರ ಮೇಲೆ ಬಲ ಕ್ಲಿಕ್ ಮಾಡಿ, ‘ಅಪ್‌ಡೇಟ್ ಡ್ರೈವರ್’ ಒತ್ತಿ, ಕಂಪ್ಯೂಟರಿನಲ್ಲೇ ಇರುವ ಪಟ್ಟಿಯಿಂದ ‘ಯುಎಸ್‌ಬಿ ಸೀರಿಯಲ್ ಡಿವೈಸ್’ ಆರಿಸಿದರೆ ಪೋರ್ಟ್ ಪ್ರತ್ಯಕ್ಷವಾಗುತ್ತದೆ. ಎರಡನೆಯದು, ಹಳದಿ ಆಶ್ಚರ್ಯಚಿಹ್ನೆ ಮತ್ತು ‘ಕೋಡ್ 10’ ಸಂದೇಶ. ಇದು ಪ್ರೊಲಿಫಿಕ್ ಪಿಎಲ್2303 ಎಂಬ ಸೀರಿಯಲ್ ಚಿಪ್ ಇರುವ ರಿಸೀವರುಗಳ ಕಥೆ. ಹೊಸ ಡ್ರೈವರುಗಳು ಹಳೆಯ ಮತ್ತು ನಕಲಿ ಪಿಎಲ್2303 ಚಿಪ್‌ಗಳನ್ನು ಬೇಕೆಂದೇ ನಿರಾಕರಿಸುತ್ತವೆ. ಅದೇ ಪಟ್ಟಿಯಿಂದ ಹಳೆಯ ಆವೃತ್ತಿಯ ಡ್ರೈವರ್ ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ವಿಂಡೋಸ್ ಅಪ್‌ಡೇಟ್ ಆದಾಗ ಮತ್ತೆ ಕೈಕೊಡಬಹುದು.

ಪೋರ್ಟ್ ಸಿಕ್ಕಿದ ಮೇಲೆ ಸಾಲುಗಳು ಬರುವ ವೇಗ, ಅದರ ಅಳತೆ ಬಾಡ್. ಸರ್ಫ್ ಚಿಪ್‌ನ ಹಳೆಯ ರಿಸೀವರುಗಳು 4800 ಬಾಡ್, ಯು-ಬ್ಲಾಕ್ಸ್ 9600. ವೇಗ ತಪ್ಪಿದ್ದರೆ ಸಾಲುಗಳ ಬದಲು ಕಲಸುಮೇಲೋಗರ ಕಾಣಿಸುತ್ತದೆ. ಪರೀಕ್ಷಿಸಲು ಪುಟ್ಟಿ ಎಂಬ ಉಚಿತ ಸಾಫ್ಟ್‌ವೇರ್ ಸಾಕು: ‘ಸೀರಿಯಲ್’ ಆರಿಸಿ, ಪೋರ್ಟ್ ಮತ್ತು ವೇಗ ಕೊಟ್ಟು ತೆರೆಯಿರಿ. ಡಾಲರ್ ಚಿಹ್ನೆಯಿಂದ ಶುರುವಾಗುವ ಸಾಲುಗಳು ಉರುಳಬೇಕು. ಅವುಗಳಲ್ಲಿ ‘ಜಿಪಿಆರ್‌ಎಂಸಿ’ ಸಾಲನ್ನು ಹುಡುಕಿ. ಸಮಯದ ಅಂಕಿಯ ನಂತರ ಒಂದೇ ಅಕ್ಷರ ಇರುತ್ತದೆ: ‘ಎ’ ಇದ್ದರೆ ಸ್ಥಾನ ಸಿಕ್ಕಿದೆ, ‘ವಿ’ ಇದ್ದರೆ ಇನ್ನೂ ಇಲ್ಲ. ನೋಡಿಯಾದ ಮೇಲೆ ಪುಟ್ಟಿಯನ್ನು ಮುಚ್ಚಲೇಬೇಕು. ಒಂದು ಕಾಮ್ ಪೋರ್ಟನ್ನು ಒಂದು ಹೊತ್ತಿಗೆ ಒಂದೇ ಸಾಫ್ಟ್‌ವೇರ್ ಹಿಡಿಯಬಲ್ಲದು. ‘ನಿನ್ನೆ ಬರುತ್ತಿತ್ತು, ಇವತ್ತು ಇಲ್ಲ’ ಎನ್ನುವ ದೂರುಗಳಲ್ಲಿ ಎಷ್ಟೋ ಸಲ ಹಿಂದೆ ಇನ್ನೊಂದು ಸಾಫ್ಟ್‌ವೇರ್ ಪೋರ್ಟ್ ಹಿಡಿದು ಕೂತಿರುತ್ತದೆ.

ಸಾಲಿನ ಮೊದಲಿಗೆ ‘ಜಿಪಿ’ ಬದಲು ‘ಜಿಎನ್’ ಕಂಡರೆ? ಹೊಸ ರಿಸೀವರುಗಳು ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್ ಉಪಗ್ರಹಗಳನ್ನೂ ಬಳಸುವಾಗ ಸಾಲುಗಳಿಗೆ ‘ಜಿಎನ್’ ಎಂದು ಹೆಸರು ಹಾಕುತ್ತವೆ. ಹದಿನೈದು ವರ್ಷ ಹಿಂದಿನ ನಕ್ಷೆ ಸಾಫ್ಟ್‌ವೇರಿಗೆ ‘ಜಿಪಿ’ ಬಿಟ್ಟು ಬೇರೆ ಭಾಷೆ ಬರದು. ಯು-ಬ್ಲಾಕ್ಸ್‌ನವರದೇ ಯು-ಸೆಂಟರ್ ಸಾಫ್ಟ್‌ವೇರಿನಲ್ಲಿ ಎನ್‌ಎಂಇಎ (ಈ ಸಾಲುಗಳ ರೂಢಿಯ ಮಾದರಿ) ಸೆಟ್ಟಿಂಗ್‌ಗೆ ಹೋಗಿ ‘ಟಾಕರ್ ಐಡಿ’ಯನ್ನು (ಸಾಲಿನ ಮೊದಲ ಎರಡಕ್ಷರ) ‘ಜಿಪಿ’ಗೆ ಬದಲಿಸಿ ಉಳಿಸಿ. ಅಗ್ಗದ ರಿಸೀವರುಗಳಲ್ಲಿ ಇದನ್ನು ನೆನಪಿಟ್ಟುಕೊಳ್ಳುವ ಫ್ಲ್ಯಾಶ್ ಮೆಮೊರಿ ಇರುವುದಿಲ್ಲ. ಕಿತ್ತು ಹಾಕಿದಾಗಲೆಲ್ಲ ಮತ್ತೆ ಮಾಡಬೇಕು.

ಕೊನೆಗೆ, ಪವರ್ ಆಪ್ಷನ್ಸ್‌ನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಆಫ್ ಮಾಡಿ. ಇಲ್ಲದಿದ್ದರೆ ಲ್ಯಾಪ್‌ಟಾಪ್ ವಿದ್ಯುತ್ ಉಳಿಸಲು ಹೋಗಿ ನಡುದಾರಿಯಲ್ಲಿ ರಿಸೀವರನ್ನೇ ಮಲಗಿಸುತ್ತದೆ.

ಬೆಳಿಗ್ಗೆ ಮನೆಯಿಂದ ಹೊರಟರೆ ಸ್ಥಾನ ತೋರಿಸಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ಹೋದ ಕೂಡಲೇ ಜಿಪಿಎಸ್ಸೂ ಹೋಗುತ್ತದೆ. ಏನು ಮಾಡುವುದು? (ಪುತ್ತೂರಿನ ಓದುಗರು)

ಎರಡನೆಯದಕ್ಕೆ ಮೊದಲು ಉತ್ತರ. ಜಿಪಿಎಸ್ ಸಂಕೇತ ಬರುವುದು ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಿಂದ. ಮೊಬೈಲ್ ಟವರಿಗೂ ಅದಕ್ಕೂ ಸಂಬಂಧವಿಲ್ಲ. ನೆಟ್‌ವರ್ಕ್ ಹೋದಾಗ ಮಾಯವಾಗುವುದು ನಕ್ಷೆ. ಆಫ್‌ಲೈನ್ ನಕ್ಷೆ ಇಳಿಸಿಟ್ಟುಕೊಂಡಿದ್ದರೆ ಗುಂಡ್ಯದ ಕಾಡಿನಲ್ಲೂ ಬಾಣ ಚಲಿಸುತ್ತಿರುತ್ತದೆ. ಜನರೇ ಸೇರಿ ರೂಪಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ದತ್ತಾಂಶವನ್ನು ಜಿಯೋಫ್ಯಾಬ್ರಿಕ್ ತಾಣವು ಭಾರತದ ವಲಯವಾರು ಕಡತಗಳಾಗಿ ಉಚಿತವಾಗಿ ಕೊಡುತ್ತದೆ. ನಿಮಗೆ ಬೇಕಾದದ್ದು ದಕ್ಷಿಣ ವಲಯದ್ದು. ಫೋನಿನಲ್ಲಾದರೆ ಆಸ್‌ಮ್ಯಾಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪ್ ಹಾಕಿ ಕರ್ನಾಟಕವನ್ನು ಮನೆಯ ವೈಫೈಯಲ್ಲೇ ಇಳಿಸಿಕೊಳ್ಳಿ.

ಇನ್ನು ವಿಳಂಬ. ಪ್ರತಿ ಉಪಗ್ರಹವೂ ತನ್ನ ನಿಖರ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಹೇಳುತ್ತಿರುತ್ತದೆ. ಆ ವಿವರ ಸುಮಾರು ನಾಲ್ಕು ಗಂಟೆ ಕಾಲ ಬಳಕೆಗೆ ಬರುತ್ತದೆ. ರಾತ್ರಿಯಿಡೀ ಆಫ್ ಆಗಿದ್ದ ರಿಸೀವರ್ ಬೆಳಿಗ್ಗೆ ಹೊಸದಾಗಿ ಕೇಳಿಸಿಕೊಳ್ಳಬೇಕು, ಕನಿಷ್ಠ ನಾಲ್ಕು ಉಪಗ್ರಹಗಳಿಂದ. ನಿಂತಲ್ಲೇ, ತೆರೆದ ಆಕಾಶದಡಿ ಆದರೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಗಾಡಿ ಓಡುತ್ತಿದ್ದು ಮರ, ಕಟ್ಟಡ ಅಡ್ಡ ಬಂದರೆ 30 ಸೆಕೆಂಡಿನ ಮಾತು ನಡುವೆ ತುಂಡಾಗುತ್ತದೆ, ಮತ್ತೆ ಮೊದಲಿಂದ ಶುರು. ಹಾಗಾಗಿ ಅಂಗಳದಲ್ಲೇ ರಿಸೀವರ್ ಸಿಕ್ಕಿಸಿ, ಸಾಮಾನು ತುಂಬಿ, ದೀಪ ಮಿನುಗಿದ ಮೇಲೆ ಹೊರಡಿ. ತಿಂಗಳುಗಟ್ಟಲೆ ಮೂಲೆಗೆ ಬಿದ್ದಿದ್ದ ಅಥವಾ ಬೇರೆ ದೇಶದಿಂದ ತಂದ ರಿಸೀವರ್ ಆದರೆ ಮೊದಲ ಸಲ ಹದಿನೈದು ನಿಮಿಷ ಬಯಲಲ್ಲಿಡಿ. ಎಲ್ಲ ಉಪಗ್ರಹಗಳ ಒಟ್ಟು ಪಂಚಾಂಗ (ಯಾವುದು ಎಲ್ಲಿರುತ್ತದೆ ಎಂಬ ಸ್ಥೂಲ ವಿವರ) ಪೂರ್ತಿ ಬರಲು 12.5 ನಿಮಿಷ ಬೇಕು.

ಇಡುವ ಜಾಗವೂ ಮುಖ್ಯ. ಡ್ಯಾಶ್‌ಬೋರ್ಡಿನ ಮುಂದಂಚು, ಗಾಜಿನ ಬುಡ ಒಳ್ಳೆಯದು. ಗಾಜಿಗೆ ಲೋಹದ ಲೇಪನವಿದ್ದರೆ ಅಥವಾ ಲೋಹಾಂಶದ ಸನ್‌ಫಿಲ್ಮ್ ಅಂಟಿಸಿದ್ದರೆ ಅಲ್ಲೂ ಸಂಕೇತ ಸೊರಗುತ್ತದೆ. ಆಗ ಮ್ಯಾಗ್ನೆಟ್ ಇರುವ ರಿಸೀವರನ್ನು ಮಾಡಿನ ಮೇಲಿಟ್ಟು ತಂತಿಯನ್ನು ಬಾಗಿಲ ರಬ್ಬರಿನ ಸಂದಿಯಲ್ಲಿ ಒಳತರಬಹುದು. ಯುಎಸ್‌ಬಿ ತಂತಿ ಒಟ್ಟು 5 ಮೀಟರ್ ಮೀರಬಾರದು. ಡ್ಯಾಶ್‌ಕ್ಯಾಮ್ ಹಾಕಿಸಿದ ಮೇಲೆ ಸ್ಥಾನ ತಪ್ಪತೊಡಗಿತು ಎಂದಾದರೆ ಅನುಮಾನವೇ ಬೇಡ, ಅದರ ಚಾರ್ಜರನ್ನು ಕಿತ್ತು ನೋಡಿ. ಅಗ್ಗದ ಕಾರ್ ಚಾರ್ಜರುಗಳು ಹೊರಸೂಸುವ ಗದ್ದಲದ ಮುಂದೆ ಉಪಗ್ರಹದ ಸಂಕೇತ ಪಿಸುಮಾತಿಗೂ ಕಡಿಮೆ. ಲ್ಯಾಪ್‌ಟಾಪಿಗೇ ನೇರ ಸಿಕ್ಕಿಸುವ ಗುಂಡಿಯಷ್ಟು ಗಾತ್ರದ ಡಾಂಗಲ್ ಕೂಡ ಯುಎಸ್‌ಬಿ 3 ಕಿಂಡಿಯ ಪಕ್ಕ ಮಂಕಾಗುತ್ತದೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ತಂತಿ ಹಾಕಿ ದೂರವಿಡಿ.

ಲ್ಯಾಪ್‌ಟಾಪಿನಲ್ಲಿ ಸಾವಧಾನವಾಗಿ ದಾರಿ ಹಾಕಿ, ಜಿಪಿಎಕ್ಸ್ ಕಡತ ಮಾಡಿ ಫೋನಿಗೆ ಕಳಿಸಿದೆ. ಫೋನು ಬೇರೆಯೇ ದಾರಿ ತೋರಿಸಿತು. (ಹುಬ್ಬಳ್ಳಿಯ ಓದುಗರು)

ದಾರಿಯನ್ನು ಒಂದು ಸಾಧನದಿಂದ ಇನ್ನೊಂದಕ್ಕೆ ಸಾಗಿಸುವ ಜಿಪಿಎಕ್ಸ್ ಕಡತದೊಳಗೆ ಮೂರು ಬಗೆಯ ಸಂಗತಿ ಇರಬಹುದು: ಬಿಡಿ ಬಿಂದುಗಳು, ರೂಟ್, ಟ್ರ್ಯಾಕ್. ನೀವು ಕಳಿಸಿದ್ದು ರೂಟ್. ಅದರಲ್ಲಿ ಇರುವುದು ‘ಇಲ್ಲಿಂದ ಹೊರಟು, ಇಲ್ಲಿ ಹಾದು, ಅಲ್ಲಿಗೆ ಹೋಗು’ ಎಂಬ ಕೆಲವೇ ಬಿಂದುಗಳು. ನಡುವಿನ ರಸ್ತೆಯನ್ನು ಫೋನು ತನ್ನ ನಕ್ಷೆ, ತನ್ನ ಲೆಕ್ಕದ ಪ್ರಕಾರ ಹೊಸದಾಗಿ ಹುಡುಕುತ್ತದೆ. ಲ್ಯಾಪ್‌ಟಾಪಿನಲ್ಲಿ ‘ಹತ್ತಿರದ ದಾರಿ’, ಫೋನಿನಲ್ಲಿ ‘ಬೇಗ ತಲುಪುವ ದಾರಿ’ ಎಂದಿದ್ದರೆ ಎರಡೂ ಬೇರೆಯಾಗುವುದು ಸಹಜ.

ಟ್ರ್ಯಾಕ್ ಹಾಗಲ್ಲ. ಅದು ಸಾವಿರಾರು ಬಿಂದುಗಳ ಗೆರೆ. ಬಹುತೇಕ ಸಾಧನಗಳು ಅದನ್ನು ತಿದ್ದುವುದಿಲ್ಲ, ಆದರೆ ‘ಮುಂದೆ ಎಡಕ್ಕೆ’ ಎಂಬ ದನಿಯೂ ಸಾಮಾನ್ಯವಾಗಿ ಇರುವುದಿಲ್ಲ. ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಕರಾವಳಿಗೆ ಇಳಿಯುವಾಗ ಒಂದೇ ಕಡೆಗೆ ಎರಡು ಮೂರು ಘಾಟಿ ದಾರಿಗಳಿವೆ. ಇಂಥಲ್ಲಿ ಎರಡನ್ನೂ ಕಳಿಸಿ: ದನಿಗೆ ರೂಟ್, ಹಿಂದೆ ಬೇರೆ ಬಣ್ಣದಲ್ಲಿ ಟ್ರ್ಯಾಕ್. ಎರಡೂ ಬೇರ್ಪಟ್ಟ ಕೂಡಲೇ ಕಣ್ಣಿಗೆ ಬೀಳುತ್ತದೆ. ರೂಟನ್ನೇ ಬಿಗಿ ಮಾಡಬೇಕೆಂದರೆ ಪ್ರತಿ ಕವಲು ದಾಟಿದ ಮೇಲೆ ಅರ್ಧ ಕಿಲೋಮೀಟರ್ ಮುಂದೆ, ನೀವು ಹೋಗಬೇಕಾದ ರಸ್ತೆಯ ಮೇಲೆ ಒಂದು ಬಿಂದು ಇಡಿ. ಸರಿಯಾಗಿ ಕವಲಿನ ಮೇಲೇ ಇಡಬೇಡಿ. ಬಿಂದು ಹತ್ತು ಮೀಟರ್ ಪಕ್ಕದ ರಸ್ತೆಗೆ ಸರಿದರೂ ಸಾಫ್ಟ್‌ವೇರ್ ನಿಮ್ಮನ್ನು ಆ ರಸ್ತೆಗೆ ಕಳಿಸಿ, ಯು-ಟರ್ನ್ ಮಾಡಿಸಿ ವಾಪಸು ಕರೆತರುತ್ತದೆ.

ಅಕ್ಷಾಂಶ ರೇಖಾಂಶವನ್ನು ಕೈಯಿಂದ ಬೆರಳಚ್ಚಿಸುವವರಿಗೆ ಒಂದು ಮಾತು. 14 ಡಿಗ್ರಿ 30 ಮಿನಿಟ್ ಎಂದರೆ 14.5, 14.30 ಅಲ್ಲ. ಈ ಒಂದು ತಪ್ಪಿಗೆ ಸ್ಥಾನ 22 ಕಿ.ಮೀ. ಆಚೆ ಹೋಗುತ್ತದೆ.

ಸಾಫ್ಟ್‌ವೇರ್ ಹೇಳುವ ಸಮಯಕ್ಕೆ ಒಮ್ಮೆಯೂ ತಲುಪಿದ್ದಿಲ್ಲ. ಸಂಜೆ ಮೈಸೂರಿನಿಂದ ವಯನಾಡಿಗೆ ಹೊರಟಾಗ ಬಂಡೀಪುರದ ಗೇಟಿಗೇ ಕರೆದೊಯ್ದಿತು! (ಮೈಸೂರಿನ ಓದುಗರು)

ಲ್ಯಾಪ್‌ಟಾಪ್ ಸಾಫ್ಟ್‌ವೇರುಗಳು ರಸ್ತೆಯ ದರ್ಜೆ ನೋಡಿ ವೇಗ ಊಹಿಸುತ್ತವೆ. ರಾಷ್ಟ್ರೀಯ ಹೆದ್ದಾರಿ ಎಂದು ಗುರುತಾಗಿದ್ದರೆ, ಅದು ಘಾಟಿಯಾದರೂ ಬಯಲುಸೀಮೆಯಾದರೂ ಒಂದೇ ಲೆಕ್ಕ. 20 ಕಿ.ಮೀ. ಘಾಟಿಗೆ ಗಂಟೆಗೆ 60ರಂತೆ 20 ನಿಮಿಷ ಎನ್ನುತ್ತದೆ. ಲಾರಿಗಳ ಹಿಂದೆ 25ರಲ್ಲಿ ಏರಿದರೆ ಆಗುವುದು 48 ನಿಮಿಷ. ಬಹುತೇಕ ಸಾಫ್ಟ್‌ವೇರುಗಳಲ್ಲಿ ದರ್ಜೆವಾರು ವೇಗ ಬದಲಿಸುವ ಸೌಲಭ್ಯವಿದೆ. ಮಲೆನಾಡಿಗೆ ಹೆದ್ದಾರಿ 45, ಜಿಲ್ಲಾ ರಸ್ತೆ 30, ಹಳ್ಳಿ ರಸ್ತೆ 20 ಎಂದು ಹಾಕಿ ಒಂದು ಪ್ರತ್ಯೇಕ ಪ್ರೊಫೈಲ್ ಉಳಿಸಿ. ಬಯಲುಸೀಮೆಗೆ ಬೇರೆಯದು. ಎರಡು ಮೂರು ಪ್ರಯಾಣದ ಟ್ರ್ಯಾಕ್ ದಾಖಲಿಸಿ ನಿಮ್ಮ ನಿಜ ಸರಾಸರಿ ತೆಗೆದು ತಿದ್ದಿದರೆ ಇನ್ನೂ ನಿಖರ.

ಗೇಟಿನ ವಿಚಾರ ಬೇರೆ. ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ಹೆದ್ದಾರಿ 766, ಊಟಿ ಕಡೆಗಿನ ಹೆದ್ದಾರಿ ಎರಡೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ನಾಗರಹೊಳೆ ಕಾಡಿನ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ಹಲವು ಸಾಫ್ಟ್‌ವೇರುಗಳಿಗೆ ಗಡಿಯಾರದ ಪರಿವೆಯಿಲ್ಲ. ಹೊರಡುವ ಹೊತ್ತು, ಮೇಲೆ ಹೇಳಿದಂತೆ ತಿದ್ದಿದ ವೇಗ, ನಡುವೆ ಊಟದ ನಿಲುಗಡೆ ಮೂರನ್ನೂ ಸೇರಿಸಿ ಗೇಟಿನ ಹೊತ್ತನ್ನು ನೀವೇ ಲೆಕ್ಕ ಹಾಕಬೇಕು. ತಡವಾಗುವಂತಿದ್ದರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಬಿಂದುಗಳನ್ನಿಟ್ಟು ಇನ್ನೊಂದು ರೂಟನ್ನು ಮನೆಯಲ್ಲೇ ಸಿದ್ಧಮಾಡಿಟ್ಟುಕೊಳ್ಳಿ.

ನಕ್ಷೆಯ ವಯಸ್ಸನ್ನೂ ನೋಡಿ. ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅದಕ್ಕಿಂತ ಹಳೆಯ ನಕ್ಷೆ ನಿಮ್ಮನ್ನು ಲಾಂಚಿಗೆ ಕಾಯಿಸುತ್ತದೆ, ‘ದೋಣಿ ಬೇಡ’ ಎಂಬ ಆಯ್ಕೆ ಒತ್ತಿದ್ದರೆ ಹಿನ್ನೀರನ್ನೆಲ್ಲ ಸುತ್ತಿಸುತ್ತದೆ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ, ಶಿರಾಡಿಗಳಲ್ಲಿ ಭೂಕುಸಿತ, ಭಾರೀ ವಾಹನ ನಿಷೇಧ ಇವೆಲ್ಲ ಜಿಲ್ಲಾಧಿಕಾರಿಯ ಆದೇಶದಲ್ಲಿ ಬರುತ್ತವೆ, ಆಫ್‌ಲೈನ್ ನಕ್ಷೆಯಲ್ಲಿ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಿನದ ಪತ್ರಿಕೆ ನೋಡಿ ಹೊರಡಿ.

ಲಾರಿಯಲ್ಲಿ ಲ್ಯಾಪ್‌ಟಾಪ್ ಇಡೀ ದಿನ ಓಡಿಸಲು ಇನ್ವರ್ಟರ್ ಯಾವುದು ತರಲಿ? (ಚಿತ್ರದುರ್ಗದ ಓದುಗರು)

ಮೊದಲು ಬ್ಯಾಟರಿ ನೋಡಿ. ಕಾರಿನದು 12 ವೋಲ್ಟ್, ಭಾರೀ ಲಾರಿ ಬಸ್ಸುಗಳದು ಸಾಮಾನ್ಯವಾಗಿ 24. ಕಾರಿನ 12 ವೋಲ್ಟ್ ಇನ್ವರ್ಟರನ್ನು ಲಾರಿಗೆ ಸಿಕ್ಕಿಸಿದರೆ ಸುಟ್ಟ ವಾಸನೆಯೇ ಉತ್ತರ. ನಿಮ್ಮ ಲ್ಯಾಪ್‌ಟಾಪ್ ಟೈಪ್-ಸಿ ಕಿಂಡಿಯಲ್ಲಿ ಚಾರ್ಜ್ ಆಗುವಂಥದ್ದಾದರೆ ಇನ್ವರ್ಟರ್ ಬೇಕಾಗಿಯೇ ಇಲ್ಲ. ‘12–24 ವೋಲ್ಟ್’ ಎಂದು ಬರೆದಿರುವ, ಪವರ್ ಡೆಲಿವರಿ (ಟೈಪ್-ಸಿಯಲ್ಲಿ ಲ್ಯಾಪ್‌ಟಾಪಿಗೆ ಸಾಲುವಷ್ಟು ವಿದ್ಯುತ್ ಕೊಡುವ ಪದ್ಧತಿ) ಇರುವ 65 ವಾಟ್ ಕಾರ್ ಚಾರ್ಜರ್ ಸಾಕು. ನೇರ ವಿದ್ಯುತ್ತನ್ನು 230 ವೋಲ್ಟ್ ಪರ್ಯಾಯ ವಿದ್ಯುತ್ ಮಾಡಿ ಮತ್ತೆ 19 ವೋಲ್ಟಿಗೆ ಇಳಿಸುವ ದಂಡದ ಕೆಲಸ ತಪ್ಪುತ್ತದೆ.

ಇನ್ವರ್ಟರೇ ಬೇಕೆಂದರೆ 150 ವಾಟ್‌ನದು. 65 ವಾಟ್ ಲ್ಯಾಪ್‌ಟಾಪಿಗೆ ನಷ್ಟ ಸೇರಿ 75 ವಾಟ್ ಹಿಡಿದರೆ 12 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. ಲೈಟರ್ ಸಾಕೆಟ್ಟಿನ ಫ್ಯೂಸ್ ಹೆಚ್ಚಾಗಿ 10 ಅಥವಾ 15 ಆಂಪಿಯರಿನದು, ಅದೇ ಸಾಕೆಟ್ಟಿಗೆ ಕವಲು ಹಾಕಿ ಟೈರ್ ಪಂಪ್ ಓಡಿಸಬೇಡಿ. ಎಂಜಿನ್ ಆಫ್ ಮಾಡಿ ಲ್ಯಾಪ್‌ಟಾಪ್ ಓಡಿಸಿದರೆ ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಮೂರು ಗಂಟೆಯೊಳಗೆ ಅರ್ಧ ಇಳಿಯುತ್ತದೆ, ಹಳೆಯ ಬ್ಯಾಟರಿಯಾದರೆ ಸೆಲ್ಫ್ ಎತ್ತುವುದಿಲ್ಲ. ಎಂಜಿನ್ ಶುರುವಾದ ಮೇಲೆ ಇನ್ವರ್ಟರ್ ಆನ್, ನಿಲ್ಲಿಸುವ ಮೊದಲು ಆಫ್.

ಬೆಂಗಳೂರಿನ ಫ್ಲೈಓವರ್ ಮೇಲೆ ಹೋಗುತ್ತಿದ್ದರೂ ಕೆಳಗಿನ ರಸ್ತೆಯ ತಿರುವು ಹೇಳುತ್ತದೆ.

ಎತ್ತರದ ಲೆಕ್ಕದಲ್ಲಿ ಜಿಪಿಎಸ್ ತಪ್ಪು ಅಡ್ಡಗಲದ ತಪ್ಪಿಗಿಂತ ಹೆಚ್ಚು, ಮೇಲಾಗಿ ಬಹುತೇಕ ಸಾಫ್ಟ್‌ವೇರುಗಳು ಎತ್ತರವನ್ನು ಗಣಿಸುವುದೇ ಇಲ್ಲ. ಸಮೀಪದ ಗೆರೆಗೆ ಬಾಣವನ್ನು ಅಂಟಿಸುತ್ತವೆ, ಅಷ್ಟೇ. ಎಲೆಕ್ಟ್ರಾನಿಕ್ಸ್ ಸಿಟಿಯ ಮೇಲ್ಸೇತುವೆಯಂಥ ಕಡೆ ಫಲಕವನ್ನೇ ನಂಬಿ. ಇನ್ನೊಂದು, ರಿಸೀವರ್ ಸೆಕೆಂಡಿಗೊಮ್ಮೆ ಸ್ಥಾನ ಕೊಡುತ್ತದೆ. ಗಂಟೆಗೆ 80ರಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಸಾಗಿರುತ್ತೀರಿ. ಸರ್ವಿಸ್ ರಸ್ತೆಗೆ ಇಳಿಯುವ ಸಂದಿ ಪರದೆಯಲ್ಲಿ ಇನ್ನೂ ಮುಂದಿದೆ ಎನ್ನುವಾಗ ನೀವು ದಾಟಿಯಾಗಿರುತ್ತದೆ.

ನನ್ನ ಹಳೆಯ ರಿಸೀವರ್ ಸ್ಥಾನವನ್ನು ಸರಿಯಾಗಿ ತೋರಿಸುತ್ತದೆ, ದಿನಾಂಕ ಮಾತ್ರ ಸುಮಾರು ಇಪ್ಪತ್ತು ವರ್ಷ ಹಿಂದಿನದು.

ಜಿಪಿಎಸ್ ದಿನಾಂಕವನ್ನು ವಾರಗಳಲ್ಲಿ ಎಣಿಸುತ್ತದೆ, 1024 ವಾರ ಮುಗಿದೊಡನೆ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗಾಯಿತು. ರಿಸೀವರಿನೊಳಗಿನ ಹಳೆಯ ಸಾಫ್ಟ್‌ವೇರ್ (ಫರ್ಮ್‌ವೇರ್) ಈ ಸುತ್ತನ್ನು ಗುರುತಿಸದೆ 1024 ವಾರ, ಎಂದರೆ ಹತ್ತೊಂಬತ್ತೂವರೆ ವರ್ಷಕ್ಕೂ ತುಸು ಹೆಚ್ಚು ಹಿಂದೆ ಬೀಳುತ್ತದೆ. ದಾರಿಗೆ ತೊಂದರೆಯಿಲ್ಲ. ಟ್ರ್ಯಾಕ್ ದಾಖಲಿಸಿ ಫೋಟೊಗಳೊಂದಿಗೆ ಹೊಂದಿಸುವವರು 7168 ದಿನ ಕೂಡಿಸಿಕೊಳ್ಳಬೇಕು.

ಗಗನ್, ನಾವಿಕ್ ಇರುವ ರಿಸೀವರ್ ಕೊಂಡರೆ ಲಾಭವೇ?

ಗಗನ್ ಎಂಬುದು ಜಿಪಿಎಸ್ ತಪ್ಪನ್ನು ತಿದ್ದಿ ಭೂಸ್ಥಿರ ಉಪಗ್ರಹದ ಮೂಲಕ ಹೇಳುವ ವ್ಯವಸ್ಥೆ. ಎಸ್‌ಬಿಎಎಸ್ (ಇಂಥ ವ್ಯವಸ್ಥೆಗಳ ಸಾಮಾನ್ಯ ಹೆಸರು) ಎಂದು ಬರೆದಿರುವ ಹೆಚ್ಚಿನ ರಿಸೀವರುಗಳು ಇದನ್ನು ಬೇರೆ ಖರ್ಚಿಲ್ಲದೆ ಬಳಸುತ್ತವೆ. ನಾವಿಕ್ ಎಂದರೆ ಜಿಪಿಎಸ್ಸಿನಂತೆ ಸ್ಥಾನ ಹೇಳುವ ನಮ್ಮ ದೇಶದ್ದೇ ಉಪಗ್ರಹಗಳು, ಅದರ ನ್ಯಾವಿಗೇಶನ್ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ. ಕಿರಿದಾದ ಕಣಿವೆಯಲ್ಲಿ ಹೆಚ್ಚು ಉಪಗ್ರಹ ಕಂಡಷ್ಟೂ ಒಳ್ಳೆಯದೇ. ಆದರೆ ಕಾರಿನ ದಾರಿಗೆ ಐದು ಮೀಟರ್ ತಪ್ಪು ಲೆಕ್ಕಕ್ಕಿಲ್ಲ. ಅದಕ್ಕೆಂದೇ ಹೊಸದು ಕೊಳ್ಳಬೇಡಿ.

ಲ್ಯಾಪ್‌ಟಾಪನ್ನು ಎದುರಿಗೇ ನಿಲ್ಲಿಸಿಕೊಂಡು ಓಡಿಸಬಹುದೇ?

ಬೇಡ. 2020ರ ಅಕ್ಟೋಬರ್‌ನಿಂದ ಜಾರಿಯಾದ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿ ಕೈಯಲ್ಲಿ ಹಿಡಿಯುವ ಸಾಧನವನ್ನು ದಾರಿ ನೋಡಲು ಮಾತ್ರ, ಅದೂ ಚಾಲಕನ ಗಮನ ಕೆಡದಂತೆ ಬಳಸಲು ಬಿಟ್ಟಿದೆ. ಹದಿನೈದು ಇಂಚಿನ ಪರದೆ ಗಮನ ಕೆಡಿಸದು ಎಂದು ಪೊಲೀಸರೆದುರು ವಾದಿಸಿ ಗೆಲ್ಲುವುದು ಕಷ್ಟ. ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಏರ್‌ಬ್ಯಾಗ್ ಇದ್ದರೆ ಅದರ ಮೇಲಿಟ್ಟ ಲ್ಯಾಪ್‌ಟಾಪ್ ಅಪಘಾತದಲ್ಲಿ ಪಕ್ಕದವರ ಮುಖಕ್ಕೇ ಬರುತ್ತದೆ. ಲ್ಯಾಪ್‌ಟಾಪ್ ಪಕ್ಕದ ಸೀಟಿನವರ ತೊಡೆಯ ಮೇಲಿರಲಿ, ಕೀಲಿ ಒತ್ತುವುದೂ ಅವರೇ. ಚಾಲಕನಿಗೆ ದನಿ ಸಾಕು. ಒಬ್ಬರೇ ಹೋಗುವವರು ದಾರಿಯನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ, ಫೋನಿಗೆ ಸಾಗಿಸಿ, ಲ್ಯಾಪ್‌ಟಾಪನ್ನು ಡಿಕ್ಕಿಯಲ್ಲಿಡುವುದು ನಮ್ಮ ಸಲಹೆ.

ಅಮೆರಿಕದಲ್ಲಿದ್ದೇನೆ. ಮೈಕ್ರೋಸಾಫ್ಟ್ ಸ್ಟ್ರೀಟ್ಸ್ ಆ್ಯಂಡ್ ಟ್ರಿಪ್ಸ್ 2013 ಎಂಬ ನಕ್ಷೆ ಸಾಫ್ಟ್‌ವೇರಿನ ಡಿಸ್ಕ್ ಸಿಕ್ಕಿದೆ. ಊರಿಗೆ ಬಂದಾಗ ಬಳಸಬಹುದೇ?

ಇಲ್ಲ. ಅದರ ವಿವರವಾದ ದಾರಿ ನಕ್ಷೆ ಅಮೆರಿಕ ಮತ್ತು ಕೆನಡಾಕ್ಕೆ ಮಾತ್ರ. 2013ರದೇ ಕೊನೆಯ ಆವೃತ್ತಿ, ನಂತರ ಕಂಪನಿ ಅದನ್ನು ನಿಲ್ಲಿಸಿತು. ಅಲ್ಲಿಯೂ ಹತ್ತಕ್ಕೂ ಹೆಚ್ಚು ವರ್ಷದ ಹೆದ್ದಾರಿ ಬದಲಾವಣೆ ಅದರಲ್ಲಿಲ್ಲ. ಅದರೊಂದಿಗೆ ಬಂದ ಯುಎಸ್‌ಬಿ ರಿಸೀವರ್ ಇದ್ದರೆ ಎಸೆಯಬೇಡಿ. ಅದು ಕಳಿಸುವುದು ಎಲ್ಲರಿಗೂ ಅರ್ಥವಾಗುವ ಅದೇ ಸಾಲುಗಳು. ಕ್ಯೂಜಿಐಎಸ್ ಅಥವಾ ನ್ಯಾವಿಟ್ ಎಂಬ ನಕ್ಷೆ ಸಾಫ್ಟ್‌ವೇರುಗಳ ಜೊತೆ ಇಲ್ಲಿಯೂ ದುಡಿಯುತ್ತದೆ. ಊರಿಗೆ ಬಂದ ದಿನ ಹದಿನೈದು ನಿಮಿಷ ತಾರಸಿಯ ಮೇಲಿಡಿ.